ಏಳನೇ ಅಧ್ಯಾಯದ ಹುಡುಗ

ಅಂಬುಜಾ ಅತ್ತೆಯ ಮಕ್ಕಳ ಕಾದಂಬರಿಗೆ ಪ್ರಶಸ್ತಿ ಬಂತೆಂದು ಇಡೀ ಮನೆ ಕುಣಿದಾಡುತ್ತಿದ್ದರೆ, ಜೀವನ್‌ಗೆ ಮಾತ್ರ ಅದು ಬೇಡವಾಗಿತ್ತು. ಪ್ರಶಸ್ತಿ ಬಾರದೆ ಇದ್ದಿದ್ದರೆ ಆ ಪುಸ್ತಕವನ್ನು ನಾಲ್ಕು ಜನ ಓದಿ ಸುಮ್ಮನಾಗುತ್ತಿದ್ದರು, ಅವನ ಮಾನ ಅವನ ಹತ್ತಿರವೇ ಇರುತ್ತಿತ್ತು. ಈಗ ನೋಡಿ, ಅವನ ಸ್ಕೂಲಿನವರೇ ಲೈಬ್ರರಿಗೆ ಪುಸ್ತಕ ತರಿಸಿ, ಒಬ್ಬರೂ ಬಿಡದೆ ಓದಬೇಕೆಂದು ಹೇಳಿ, ಸಾಲದ್ದಕ್ಕೆ ಅತ್ತೆಯನ್ನೂ ಅತಿಥಿಯಾಗಿ ಕರೆದಿದ್ದರು.

ಕಾದಂಬರಿ ಒಬ್ಬ ಹುಡುಗ ಬೆಳೆದು ದೊಡ್ಡವನಾಗುವ ಕಥೆ. ಅದರ ಏಳನೇ ಅಧ್ಯಾಯ ಮಾತ್ರ ಅತ್ತೆಯ ಕಲ್ಪನೆಯಲ್ಲ, ಜೀವನ್‌ನದೇ. ಐದನೇ ಕ್ಲಾಸಿನ ರಜೆಯಲ್ಲಿ ಅವನು ‘ನಾನೇನು ಮಗುನಾ? ಒಬ್ನೇ ಹೋಗ್ತೀನಿ’ ಎಂದು ಹಟ ಹಿಡಿದು, ರಾಜಾಜಿನಗರದಲ್ಲಿ ಮೆಟ್ರೋ ಹತ್ತಿ ಕೆಂಗೇರಿಯ ಅಜ್ಜಿ ಮನೆಗೆ ಹೊರಟಿದ್ದ. ಮೆಜೆಸ್ಟಿಕ್‌ನಲ್ಲಿ ಇಳಿದು ಇನ್ನೊಂದು ಲೈನಿಗೆ ಹೋಗಬೇಕು. ಅಲ್ಲಿನ ನೂಕುನುಗ್ಗಲು ನೋಡಿದ್ದೇ ತಡ, ಶೌರ್ಯವೆಲ್ಲ ಇಳಿದುಹೋಗಿ, ಮುಂದೆ ನಡೆಯುತ್ತಿದ್ದ ಯಾರೋ ಆಂಟಿಯ ಸೆರಗು ಹಿಡಿದುಕೊಂಡ. ಮುಂದಿನ ರೈಲು ಹತ್ತುವವರೆಗೂ ಬಿಡಲಿಲ್ಲ. ಅಜ್ಜಿ ಮನೆಯಲ್ಲಿ ಮಾತ್ರ ಎದೆಯುಬ್ಬಿಸಿ ‘ಒಬ್ನೇ ಬಂದೆ’ ಎಂದ. ನಿಜ ಹೇಳಿದ್ದು ಅತ್ತೆಯೊಬ್ಬಳಿಗೇ. ಕಥೆ ಬರೆಯುವವರ ಕಿವಿಗೆ ಗುಟ್ಟು ಹಾಕುವವನಿಗೆ ಬುದ್ಧಿ ಬೇಡವೇ ಹೇಳಿ!

ಈಗ ಜೀವನ್ ಒಂಬತ್ತನೇ ಕ್ಲಾಸು, ಮೂಗಿನ ಕೆಳಗೆ ಮೀಸೆ ಚಿಗುರುತ್ತಿತ್ತು. ಪುಸ್ತಕ ಓದಿದ ಕ್ಲಾಸಿನವರು ಆ ಹುಡುಗನಿಗೆ ‘ಸೆರಗಪ್ಪ’ ಎಂದು ನಾಮಕರಣ ಮಾಡಿದ್ದರು. ಹೆಸರಿಟ್ಟವನು ಪಕ್ಕದಲ್ಲೇ ಕೂರುವ ಗೆಳೆಯ, ಧಾರವಾಡದ ಕಡೆಯ ಶಿವಯೋಗಿ. ‘ಎಂಥಾ ಪುಕ್ಕಲ ಅದಾನಲೇ ಇಂವ!’ ಎಂದು ಅವನು ನಕ್ಕಾಗ ಎಲ್ಲರಿಗಿಂತ ಜೋರಾಗಿ ನಕ್ಕವನು ಜೀವನ್. ಗುಟ್ಟು ರಟ್ಟಾದರೆ ಸ್ಕೂಲು ಬಿಡುವ ತನಕ ಆ ಹೆಸರು ತನಗೇ ಅಂಟಿಕೊಳ್ಳುತ್ತದೆಂದು ಅವನಿಗೆ ಗೊತ್ತಿತ್ತು.

‘ಅತ್ತೆ, ನನ್ ಹೆಸರು ಎತ್ತಿದ್ರೆ ನೋಡು ಮತ್ತೆ,’ ಎಂದು ಕಾರ್ಯಕ್ರಮದ ಹಿಂದಿನ ದಿನ ಗೋಗರೆದ.

‘ಎತ್ತಲ್ಲ ಕಣೋ. ಅಲ್ಲಿ ನೀನ್ಯಾರು ಅಂತ್ಲೇ ನಂಗೆ ಗೊತ್ತಿಲ್ಲ, ಸರೀನಾ?’

ಅತ್ತೆ ಮಾತು ಉಳಿಸಿಕೊಂಡಳು. ಹಾರ, ಶಾಲು, ಭಾಷಣ ಎಲ್ಲ ಸುಸೂತ್ರವಾಗಿ ಮುಗಿಯಿತು. ಬದುಕಿದೆ ಬಡಜೀವವೇ ಎಂದು ಜೀವನ್ ಉಸಿರು ಬಿಡುವಷ್ಟರಲ್ಲಿ, ಆರನೇ ಕ್ಲಾಸಿನ ಮಾನಸ ಪ್ರಶ್ನೆ ಕೇಳಲು ಎದ್ದು ನಿಂತಳು.

‘ಮೇಡಂ, ಆ ಹುಡುಗ ಆಮೇಲಾದ್ರೂ ನಿಜವಾಗ್ಲೂ ಒಬ್ನೇ ಹೋದ್ನಾ? ಬುಕ್ಕಲ್ಲಿ ಅದಿಲ್ಲ.’

‘ಯಾಕಮ್ಮಾ?’

‘ನಮ್ಮಮ್ಮಂಗೆ ಕೆಲ್ಸ ಸಿಕ್ಕಿದೆ. ಸೋಮವಾರದಿಂದ ಡ್ಯಾನ್ಸ್ ಕ್ಲಾಸಿಗೆ ನಾನೊಬ್ಳೇ ಹೋಗ್ಬೇಕು. ಮೆಜೆಸ್ಟಿಕ್ಕಲ್ಲಿ ಇಳಿದು, ಬೇರೆ ಮೆಟ್ರೋ...’ ಅವಳು ಪಕ್ಕದವಳ ತೋಳು ಹಿಡಿದುಕೊಂಡಳು. ಹಿಂದಿನ ಸಾಲಿನವರು ಕಿಸಕ್ಕೆಂದರು.

ಅತ್ತೆ ಪೆಚ್ಚಾದಳು. ಜೀವನ್ ಕಡೆ ಕಣ್ಣು ಹಾಯಿಸದೆ, ಮೈಕಿನ ವೈರನ್ನೇ ನೋಡುತ್ತಾ, ‘ಅದು ನಂಗೂ ಗೊತ್ತಿಲ್ಲ ಪುಟ್ಟಿ,’ ಎಂದಳು.

ಮಾನಸಳ ಮುಖ ಬಾಡಿತು. ಜೀವನ್‌ಗೆ ಅಯ್ಯೋ ಪಾಪ ಅನ್ನಿಸಿತು. ಪಕ್ಕದಲ್ಲಿ ಕೂತ ಶಿವಯೋಗಿಯ ಭಯವೂ ಇತ್ತು. ಆದರೂ ಎದ್ದು ನಿಂತ.

‘ಹೋದೆ,’ ಎಂದ.

ಇಡೀ ಹಾಲ್ ತಿರುಗಿ ನೋಡಿತು. ‘ಲೇ, ಸೆರಗಪ್ಪ ನೀನೇನಲೇ!’ ಎಂದು ಶಿವಯೋಗಿ ಕೂಗಿದ್ದೇ ತಡ, ನಗು, ಶಿಳ್ಳೆ, ಚಪ್ಪಾಳೆ ಎಲ್ಲ ಒಟ್ಟಿಗೇ ಎದ್ದವು. ಜೀವನ್‌ನ ಕಿವಿ ಬಿಸಿಯಾದವು, ಆದರೂ ಕೂರಲಿಲ್ಲ.

‘ಎರಡನೇ ಸಲಾನೂ ಸೆರಗೇ ಹಿಡ್ಕೊಂಡಿದ್ದು. ಆಮೇಲೆ ಒಬ್ನೇ ಹೋದೆ. ಈಗ ಕಣ್ಮುಚ್ಕೊಂಡು ಹೋಗ್ತೀನಿ.’

‘ಬುಕ್ಕಲ್ಲಿರೋ ಆ ಆಂಟಿ ಬೈಲಿಲ್ವಾ ಅಣ್ಣ?’ ಎಂದಳು ಮಾನಸ.

‘ಇಲ್ಲ. ಒಂದ್ಸಲ ತಿರುಗಿ ನೋಡಿದ್ರು. ಆಮೇಲೆ ಸೆರಗನ್ನ ಇನ್ನೊಂಚೂರು ಉದ್ದ ಬಿಟ್ರು, ನಂಗೆ ಹಿಡ್ಕೊಳ್ಳೋಕೆ ಸರಿಯಾಗ್ಲಿ ಅಂತ.’

ನಗು ನಿಂತಿತು. ವೇದಿಕೆಯ ಮೇಲೆ ಅತ್ತೆ ಹಣೆ ಚಚ್ಚಿಕೊಂಡಳು. ಪ್ರಶಸ್ತಿ ಬಂದ ಪುಸ್ತಕದಲ್ಲಿ ಈ ಮಾತೇ ಇರಲಿಲ್ಲ, ಪುಣ್ಯಾತ್ಮ ಅವಳಿಗೂ ಹೇಳಿರಲಿಲ್ಲ.

ಮಾನಸ ಯೋಚಿಸಿದಳು. ‘ಜೀನ್ಸ್ ಹಾಕಿರೋ ಆಂಟಿ ಸಿಕ್ಕಿದ್ರೆ?’

ಜೀವನ್ ತಲೆ ಕೆರೆದುಕೊಂಡ. ‘ಸೋಮವಾರ ನಾನೂ ಬರ್ತೀನಿ. ನಿನ್ ಮುಂದೆ ನಡೀತೀನಿ. ನನ್ ಬ್ಯಾಗಿನ ಪಟ್ಟಿ ಉದ್ದ ಬಿಟ್ಟಿರ್ತೀನಿ, ಬೇಕಾದ್ರೆ ಹಿಡ್ಕೋ. ನಾನು ತಿರುಗಿ ನೋಡಲ್ಲ.’