ಅಂಗೈ ಮೂಸಿದವಳು

ಕೋಳಿಯಮ್ಮ ಯಾರ ಕೊಟ್ಟಿಗೆಗೆ ಹೋದರೂ ಮೊದಲು ಮಾತಿರುತ್ತಿರಲಿಲ್ಲ. ದನದ ಉಣ್ಣಿ ಹೆಕ್ಕುವ ಕೋಳಿಗಳ ಬುಟ್ಟಿಗಳನ್ನು ಹೊತ್ತ ಸೊಸೆ ಬಾಗಿಲ ಹೊರಗೇ ನಿಲ್ಲಬೇಕು. ದನದ ಯಜಮಾನ ಪಕ್ಕಕ್ಕೆ ಸರಿಯಬೇಕು. ಅವಳೊಬ್ಬಳೇ ಒಳಗೆ ಹೋಗಿ, ಒಂದೊಂದು ಹಸುವಿನ ಬಾಲದ ಬುಡದಿಂದ ಹೆಗಲಿನವರೆಗೆ, ಕೂದಲಿಗೆ ಎದುರಾಗಿ ಅಂಗೈಯನ್ನು ಒತ್ತಿ ಎಳೆದು, ಆ ಅಂಗೈಯನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿ ಮೂಸುತ್ತಿದ್ದಳು. 'ಸರಿ' ಅಂದರೆ ಬುಟ್ಟಿಯ ಬಾಯಿ ಬಿಚ್ಚುತ್ತಿತ್ತು. ಏನೂ ಅನ್ನದೆ ಕೈ ಒರೆಸಿಕೊಂಡು ಹೊರಗೆ ಬಂದರೆ ಆ ಮನೆಗೆ ಇನ್ನು ಹದಿನೈದು ದಿನ ಕೋಳಿ ಇಲ್ಲ.

ಹಸುವಿಗೆ ಉಣ್ಣಿ ಔಷಧಿ ಹಚ್ಚಿದ್ದೀರಾ ಎಂದು ಅವಳು ಯಾರನ್ನೂ ಕೇಳುತ್ತಿರಲಿಲ್ಲ. ಕೇಳಿ ಕೆಟ್ಟವಳು ಅವಳು. ಈ ಕೆಲಸ ಹಿಡಿದ ಹೊಸತರಲ್ಲಿ ಕೇಳಿದವರೆಲ್ಲ 'ಇಲ್ಲವೇ ಇಲ್ಲ' ಅಂದಿದ್ದರು; ಅವರ ಮಾತು ನಂಬಿ ಬಿಟ್ಟ ಕೋಳಿಗಳಲ್ಲಿ ನಾಲ್ಕು ಜೀವಂತ ಮನೆ ಮುಟ್ಟಿರಲಿಲ್ಲ. ಔಷಧಿ ಕುಡಿದ ಉಣ್ಣಿಯನ್ನು ತಿಂದರೆ ಕೋಳಿಗೂ ಅದೇ ವಿಷ. ಮನುಷ್ಯನ ಬಾಯಿ ಸುಳ್ಳಾಡೀತು, ಹಸುವಿನ ಚರ್ಮ ಆಡಲಾರದು ಎಂದು ಅಂದಿನಿಂದ ಅಂಗೈಯನ್ನೇ ನಂಬಿದಳು. ಸುತ್ತಲಿನ ಊರುಗಳವರೂ ನಂಬಿದರು. 'ಅವಳ ಮೂಗಿಗೆ ಹೋದ ವಾರದ್ದೂ ಹೊಡೆಯುತ್ತೆ' ಅನ್ನುತ್ತಿದ್ದರು.

ಹದಿನೆಂಟು ಕೋಳಿ ಅವಳ ಹತ್ತಿರ. ನೋಡಿದವರಿಗೆ ಯಾರ ಹಿತ್ತಲಲ್ಲಾದರೂ ಕೆದಕುವಂಥ ಕೋಳಿಗಳೇ. ಆದರೆ ಕೋಳಿ ಅಂದಮಾತ್ರಕ್ಕೆ ಹಸುವಿನ ಮೈಯ ಕೆಲಸ ಬರುವುದಿಲ್ಲ. ಕಿವಿಯೊಳಗಿನ ಉಣ್ಣಿಗೆ ಕೊಕ್ಕು ಹಾಕುವಾಗ ಕಣ್ಣಿಗೆ ತಾಗಬಾರದು, ಕೆಚ್ಚಲಿನಲ್ಲಿ ಎಳೆದರೆ ತೊಟ್ಟಿಗೆ ಗಾಯವಾಗಬಾರದು, ರಕ್ತದ ರುಚಿ ಹತ್ತಿ ಹುಣ್ಣನ್ನು ಕುಕ್ಕಬಾರದು. ಇದನ್ನು ಮನುಷ್ಯರು ಕಲಿಸಲಾಗದು. ಹಳೆಯ ಕೋಳಿಯ ಹಿಂದೆ ಹೊಸ ಕೋಳಿ ಎರಡು ವರ್ಷ ಓಡಾಡಬೇಕು. ಅವಳ ಗುಂಪಿನ ಹಳೆಯ ಕೋಳಿಗೆ ದೊರೆಸಾನಿ ಎಂದು ಹೆಸರು. ದೊರೆಸಾನಿ ಕಾಲ ಬಳಿ ಬಂದರೆ ಎಂಥ ಒದೆಯುವ ಹಸುವೂ ಮಲಗಿ ಗಂಗೆದೊಗಲನ್ನು ಚಾಚುತ್ತಿತ್ತು.

ಹೋದ ಚಳಿಗಾಲದ ಜ್ವರದಲ್ಲಿ ಕೋಳಿಯಮ್ಮನ ಮೂಗು ಸತ್ತಿತು.

ಜ್ವರ ಬಿಟ್ಟು ಎದ್ದ ನಾಲ್ಕನೇ ದಿನ ಅವಳು ಒಲೆಯ ಮುಂದೆ ಕೂತಿದ್ದಾಗಲೇ ಹಾಲು ತಳ ಹಿಡಿದು ಕಪ್ಪಾಗಿತ್ತು. ಹಿತ್ತಲಿನಿಂದ ಸೊಸೆ ಓಡಿ ಬಂದು, "ಅತ್ತೇ, ಮನೆಯೆಲ್ಲಾ ಸೀದ ವಾಸನೆ! ಇಲ್ಲೇ ಕೂತಿದೀರಲ್ಲ!" ಅಂದಳು. "ಗೊತ್ತಾಯ್ತು ಕಣೆ, ಇಳಿಸ್ತಾನೇ ಇದ್ದೆ" ಅಂದಳು ಕೋಳಿಯಮ್ಮ. ಆಮೇಲೆ ಯಾರೂ ಇಲ್ಲದಾಗ ಸೀಮೆಎಣ್ಣೆಯ ಡಬ್ಬಿ ಮೂಸಿ ನೋಡಿದಳು, ಸಗಣಿ ಮೂಸಿ ನೋಡಿದಳು. ನೀರು ಮೂಸಿದ ಹಾಗಿತ್ತು. ಇಂದು ಬಂದೀತು, ನಾಳೆ ಬಂದೀತು ಎಂದು ಯಾರಿಗೂ ಹೇಳಲಿಲ್ಲ. ಮಗ ಸತ್ತ ಮೇಲೆ ಅವಳೂ ಸೊಸೆಯೂ ಉಣ್ಣುತ್ತಿದ್ದದ್ದು ಆ ಮೂಗಿನಿಂದಲೇ.

ಅಂಗೈ ಮೂಸುವುದನ್ನು ಮಾತ್ರ ಬಿಡಲಿಲ್ಲ. ಕಣ್ಣು ಮುಚ್ಚುವ ಮೊದಲು ಬೇರೆ ಗುರುತು ನೋಡಿಕೊಳ್ಳುತ್ತಿದ್ದಳು. ಔಷಧಿ ಹಚ್ಚಿದ ಹಸುವಿನ ಬೆನ್ನ ಮೇಲೆ ನೊಣ ಕೂರುವುದಿಲ್ಲ. ನೊಣ ಕೂತಿದ್ದರೆ 'ಸರಿ'. ಐದು ತಿಂಗಳು ನೊಣಗಳೇ ಅವಳ ಮಾನ ಕಾಪಾಡಿದವು.

ಆ ದಿನ ಬೆಳಗಿನಿಂದಲೂ ಗಾಳಿ. ಏಳು ಹಸುಗಳ ಯಜಮಾನನೊಬ್ಬ ಹೇಳಿಕಳಿಸಿದ್ದ. ಮಧ್ಯಾಹ್ನದ ಹೊತ್ತಿಗೆ ಅತ್ತೆ ಸೊಸೆ ಅವನ ಕೊಟ್ಟಿಗೆ ಮುಟ್ಟಿದರು.

"ಬಂತಪ್ಪಾ ಸೈನ್ಯ! ನಿಮ್ಮ ದೊರೆಸಾನಿಗೆ ಕುರ್ಚಿ ಹಾಕ್ಸಲಾ ಕೋಳಿಯಮ್ಮಾ?" ಅಂದ ಯಜಮಾನ.

"ಕುರ್ಚಿ ಬೇಡ, ನಿಮ್ಮ ನಾಯಿ ಕಟ್ಟಿ ಸಾಕು. ಹೋದ ಸಲ ಅದು ದೊರೆಸಾನಿ ಹತ್ರ ಕುಕ್ಕಿಸಿಕೊಂಡು ಮೂರು ಮನೆಗೆ ಕೇಳೋ ಹಾಗೆ ಅತ್ತಿತ್ತು."

ಬಾಗಿಲ ಹತ್ತಿರ ಸೊಸೆ ಬುಟ್ಟಿ ಇಳಿಸುತ್ತಾ ಮೂಗು ಸುಕ್ಕಿಸಿದಳು. ಮೆಲ್ಲಗೆ, "ಏನೋ ಘಾಟು ಅತ್ತೆ," ಅಂದಳು.

ಕೋಳಿಯಮ್ಮ ಗಕ್ಕನೆ ತಿರುಗಿದಳು. ಮರುಕ್ಷಣ ಸಿಟ್ಟು ಬಂತು. "ಗಂಜಲ ನಿಂತ್ರೆ ಘಾಟು ಬರದೆ ಇನ್ನೇನು ಬರುತ್ತೆ? ನಿನ್ನೆ ಮೊನ್ನೆ ಬಂದವಳು ನನಗೆ ಕಲಿಸಬೇಡ."

"ಸರಿ ಬಿಡಿ, ನಿಮ್ಮ ಮೂಗಿನ ಮುಂದೆ ನಂದೇನು," ಅಂದು ಸೊಸೆ ಹಿಂದೆ ಸರಿದು ನಿಂತಳು.

ಕೋಳಿಯಮ್ಮ ಒಳಗೆ ಹೋದಳು. ಹಸುಗಳ ಬೆನ್ನ ಮೇಲೆ ನೊಣವಿರಲಿಲ್ಲ. ಗೋಡೆಯ ಮೇಲೂ ಇಲ್ಲ. ಕಿಟಕಿಗೆ ಕಟ್ಟಿದ ಗೋಣಿ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಇಷ್ಟು ಗಾಳಿಗೆ ನೊಣ ಎಲ್ಲಿ ನಿಲ್ಲಬೇಕು ಅಂದುಕೊಂಡಳು. ಅಂಗೈ ಎಳೆದಳು, ಮೂಗಿಗೆ ಹಿಡಿದಳು, ಕಣ್ಣು ಮುಚ್ಚಿದಳು. ಯಜಮಾನ ಎಂದೂ ಇಲ್ಲದಂತೆ ಉಸಿರು ಹಿಡಿದು ಅವಳ ಮುಖವನ್ನೇ ನೋಡುತ್ತಿದ್ದ. ಅವನ ಹೆಂಡತಿಯೂ ಅಡುಗೆಮನೆ ಬಿಟ್ಟು ಬಂದು ಬಾಗಿಲಲ್ಲಿ ನಿಂತಿದ್ದಳು. ಅದು ಕೋಳಿಯಮ್ಮನ ಕಣ್ಣಿಗೆ ಬೀಳಲಿಲ್ಲ, ಕಣ್ಣು ಮುಚ್ಚಿತ್ತಲ್ಲ.

"ಸರಿ," ಅಂದಳು.

ಕೋಳಿಗಳು ಬೆಳಗಿನಿಂದ ಹಸಿದಿದ್ದವು. ದೊರೆಸಾನಿ ಮುಂದೆ, ಉಳಿದವು ಹಿಂದೆ. ಹುಣಸೆ ಬೀಜದಷ್ಟು ದಪ್ಪನೆಯ ಉಣ್ಣಿಗಳು ಕಿವಿಯಲ್ಲಿ, ತೊಡೆಯ ಸಂದಿಯಲ್ಲಿ, ಕೆಚ್ಚಲ ಹಿಂದೆ ಗೊಂಚಲು ಗೊಂಚಲಾಗಿದ್ದವು. ಯಾವತ್ತೂ ಉಣ್ಣಿ ಎಂದರೆ ಕೊಕ್ಕಿಗೆ ಒಂದು ಜಗ್ಗಾಟ. ಇವತ್ತು ಮುಟ್ಟಿದರೆ ಉದುರುತ್ತಿದ್ದವು. ನೆಲಕ್ಕೆ ಬಿದ್ದವು ಕಾಲಾಡಿಸುತ್ತಲೂ ಇರಲಿಲ್ಲ. "ನೋಡೇ, ಎಷ್ಟು ಬೇಗ ಮುಗಿಸ್ತಾ ಇದಾವೆ," ಎಂದು ಕೋಳಿಯಮ್ಮ ಸೊಸೆಗೆ ಹೇಳಿ ಹಿಗ್ಗಿದಳು. ಈ ವರ್ಷ ಸೇರಿಸಿದ ಮೂರು ಹೇಂಟೆಮರಿಗಳಿಗೆ ಮಾತ್ರ ಇನ್ನೂ ಕೆಲಸ ತಿಳಿಯದು. ಅವು ಗೋಡೆ ಮೂಲೆಯಲ್ಲಿ ಹುಲ್ಲಿನ ಬೀಜ ಕೆದಕಿಕೊಂಡಿದ್ದವು. "ಸೋಮಾರಿಗಳು," ಎಂದು ಬೈದಳು.

ಮನೆಯ ದಾರಿ ಅರ್ಧ ಸವೆದಾಗ ಸೊಸೆ ನಿಂತಳು. "ಅತ್ತೆ, ಬುಟ್ಟಿ ಸುಮ್ಮನಿದೆ."

ತುಂಬಿದ ಹೊಟ್ಟೆಯ ಕೋಳಿ ಬುಟ್ಟಿಯಲ್ಲಿ ಕೊರ್ ಕೊರ್ ಎನ್ನುತ್ತದೆ, ಒಂದನ್ನೊಂದು ತಳ್ಳುತ್ತದೆ. ಕೋಳಿಯಮ್ಮ ಮುಚ್ಚಳ ಎತ್ತಿದಳು. ದೊರೆಸಾನಿಯ ಕುತ್ತಿಗೆ ಪಕ್ಕದ ಕೋಳಿಯ ಬೆನ್ನಿಗೆ ಒರಗಿತ್ತು. ಕೊಕ್ಕಿನಿಂದ ಎಳೆಎಳೆಯಾಗಿ ಜೊಲ್ಲು ಇಳಿಯುತ್ತಿತ್ತು. ಎತ್ತಿ ನೆಲದ ಮೇಲೆ ನಿಲ್ಲಿಸಿದರೆ ಕಾಲು ಮಡಚಿ ಕೂತಿತು, ರೆಕ್ಕೆ ಹರಡಿತು, ಮೈ ಒಮ್ಮೆ ಅದುರಿತು. ಅಷ್ಟೆ.

ಮನೆ ಮುಟ್ಟುವಷ್ಟರಲ್ಲಿ ಒಂಬತ್ತು ಸತ್ತಿದ್ದವು. ವಿಷ ಹೀರಲಿ ಎಂದು ಇದ್ದಿಲನ್ನು ಅರೆದು ನೀರಿಗೆ ಹಾಕಿ ಉಳಿದವುಗಳ ಗಂಟಲಿಗೆ ಸುರಿದರು. ಅದು ಮುಗಿಯುವಷ್ಟರಲ್ಲಿ ಇನ್ನೂ ಆರು. ಕೆಲಸ ಬಲ್ಲ ಹದಿನೈದೂ ಹೋದವು. ಕೆಲಸ ಬಾರದ ಮೂರು ಹೇಂಟೆಮರಿಗಳು ಅಂಗಳದಲ್ಲಿ ತಮ್ಮ ಪಾಡಿಗೆ ತಾವು ಕೆದಕುತ್ತಿದ್ದವು.

ಸೊಸೆ ಅಳಲಿಲ್ಲ. ದೊರೆಸಾನಿಯನ್ನು ಒಂದು ಬಟ್ಟೆಯಲ್ಲಿ ಸುತ್ತಿಕೊಂಡು ಎದ್ದಳು. "ಬನ್ನಿ ಅತ್ತೆ. ಆ ಮನುಷ್ಯನ ಎದುರಿಗೆ ಇದನ್ನ ಇಟ್ಟು ಕೇಳಬೇಕು. ಏನು ಹಚ್ಚಿದ್ದೆ ಅಂತ ಬಾಯಿ ಬಿಡಿಸಬೇಕು. ನಿಮ್ಮ ಮೂಗಿಗೂ ಸಿಗದ ಹಾಗೆ ಹಚ್ಚಿದಾನಲ್ಲ, ಅವನ ಕೈ ಸೇದಿ ಹೋಗ!"

"ನಾಳೆ ಹೋದ್ರಾಯ್ತು ಕಣಮ್ಮಾ."

"ನಾಳೆ ಯಾಕೆ? ತಪ್ಪು ಅವನದಾ ನಮ್ಮದಾ?"

ಆ ಪ್ರಶ್ನೆಗೆ ಉತ್ತರವಿದ್ದೂ ಕೋಳಿಯಮ್ಮ ಅವಳ ಹಿಂದೆ ಹೊರಟಳು. ದಾರಿಯುದ್ದಕ್ಕೂ ಹೇಳಿಬಿಡೋಣ ಅನ್ನಿಸಿತು. ಮುಂದಿನ ತಿರುವಿನಲ್ಲಿ ಹೇಳೋಣ, ಆ ಮರ ದಾಟಿದ ಮೇಲೆ ಹೇಳೋಣ. ತಿರುವೂ ಮುಗಿಯಿತು, ಮರವೂ ಹಿಂದಾಯಿತು.

ಯಜಮಾನನ ಮನೆಯಲ್ಲಿ ಸಂಜೆಯ ಹಾಲು ಕರೆದಾಗಿತ್ತು. ಅವನ ಹೆಂಡತಿ ಅಡುಗೆಮನೆಯಲ್ಲಿ ಹಾಲು ಕಾಸಿ ಲೋಟಕ್ಕೆ ಬಗ್ಗಿಸಿ ಆರಿಸುತ್ತಿದ್ದಳು. ಎದುರಿಗೆ ಮೂರು ವರ್ಷದ ಮೊಮ್ಮಗಳು ಮಣೆಯ ಮೇಲೆ ಕೂತು ತೊಡೆ ಬಡಿಯುತ್ತಿತ್ತು. ಸೊಸೆ ಬಟ್ಟೆಯ ಗಂಟು ಬಿಚ್ಚಿ ದೊರೆಸಾನಿಯನ್ನು ಹೊಸ್ತಿಲ ಮೇಲೆ ಇಟ್ಟಳು.

"ಹದಿನೈದು ಕೋಳಿ ಸತ್ತಿವೆ. ಏನು ಹಚ್ಚಿದ್ರಿ ಹೇಳಿ."

ಯಜಮಾನ ಸುಳ್ಳು ಹೇಳಲಿಲ್ಲ. "ಹಚ್ಚಿದ್ದೆ. ಉಣ್ಣಿ ಔಷಧಿಗೆ ಬಗ್ಗಲಿಲ್ಲ ಅಂತ ಬೆಳೆಗೆ ಹೊಡೆಯೋದನ್ನೇ ಬಕೆಟ್ಟಿಗೆ ಬೆರೆಸಿ ಒರೆಸಿದೆ. ಮೂರು ದಿನ ಆಯ್ತು. ಮೂರು ದಿನದಿಂದ ಹಾಲು ಬಚ್ಚಲಿಗೆ ಸುರೀತಾ ಇದೀವಿ. ಅದರ ವಿಷ ಹೋಯ್ತೋ ಇಲ್ವೋ ಅಂತ ನಮಗೇನು ಗೊತ್ತು? ಅದಕ್ಕೇ ಕೋಳಿಯಮ್ಮನ್ನ ಕರೆಸಿದ್ದು. ಅವರ ಮೂಗಿಗಿಂತ ದೊಡ್ಡ ಡಾಕ್ಟರು ಯಾರು? ಮೂಸಿದ್ರು, ಸರಿ ಅಂದ್ರು. ನಿನ್ನೆದುರಿಗೇ ಅಂದ್ರಲ್ಲಮ್ಮಾ. ಔಷಧಿ ಇದ್ದಿದ್ರೆ ಅವರಿಗೆ ತಿಳೀತಿರಲಿಲ್ವಾ? ಇದು ಬೇರೆ ಯಾವುದೋ ಕೋಳಿ ರೋಗ."

"ಇರಬೇಕು ನೋಡಿ," ಅಂದಳು ಅವನ ಹೆಂಡತಿ ಒಳಗಿನಿಂದ. "ನೀವು ಸರಿ ಅಂದ ಮೇಲೇ ನಮ್ಮ ಜೀವಕ್ಕೆ ನೆಮ್ಮದಿ ಆಯ್ತಮ್ಮಾ. ಮಗು ಮೂರು ದಿನದಿಂದ ಹಾಲು ಹಾಲು ಅಂತ ಪ್ರಾಣ ತಿಂದಿತ್ತು." ಲೋಟ ಮಗುವಿನ ಕೈ ಸೇರಿತು.

ಸೊಸೆ ಅತ್ತೆಯ ಕಡೆ ತಿರುಗಿದಳು. ರೋಗ ಅಲ್ಲ ಅನ್ನಿ ಎಂದು ಆ ಕಣ್ಣು ಕೇಳುತ್ತಿತ್ತು. ಕೋಳಿಯಮ್ಮ ಸುಮ್ಮನಿದ್ದರೆ ಸಾಕಿತ್ತು. ರೋಗ ಎಂದು ಊರು ಒಪ್ಪುತ್ತಿತ್ತು. ಮೂರು ಹೇಂಟೆಮರಿಯಿಂದ ಹೇಗೋ ಮತ್ತೆ ಶುರು ಮಾಡಬಹುದಿತ್ತು. ಮಗು ಲೋಟವನ್ನು ಎರಡೂ ಕೈಯಲ್ಲಿ ಎತ್ತಿತು. ಮೇಲ್ದುಟಿಯ ಮೇಲೆ ಬಿಳಿ ಗೆರೆ ಮೂಡಿತು.

"ಕುಡಿಸಬೇಡಿ!"

ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. "ಕುಡಿಸಬೇಡಿ ತಾಯೀ, ಕಿತ್ಕೊಳಿ ಅದನ್ನ. ನನಗೆ ವಾಸನೆ ಬರಲ್ಲ. ಚಳಿಗಾಲದಿಂದ ಬರಲ್ಲ. ನಾನು ಸುಮ್ಮನೆ ಮೂಸೋದು."

ಲೋಟ ನೆಲಕ್ಕೆ ಬಿದ್ದು ಉರುಳಿತು. ಹೆಂಡತಿ ಮಗುವನ್ನು ಬೋರಲು ಹಿಡಿದು ಗಂಟಲಿಗೆ ಬೆರಳು ಹಾಕಿದಳು. ಮಗು ಕಿರುಚಿತು, ಕಕ್ಕಿತು, ಮತ್ತೆ ಕಿರುಚಿತು. ಯಜಮಾನ ಬೈಕು ಹೊರಗೆ ತಳ್ಳಿ, ಒದ್ದು ಶುರು ಮಾಡುತ್ತಾ, ಅಷ್ಟು ವರ್ಷ ಬಹುವಚನ ಕೊಟ್ಟಿದ್ದವನು, "ಮಧ್ಯಾಹ್ನ ಎಲ್ಲಿ ಇಟ್ಟಿದ್ದೆ ಈ ನಾಲಿಗೆನ? ನನ್ನ ಮಗುಗೆ ಏನಾದ್ರೂ ಆದ್ರೆ ನಿನ್ನನ್ನ ಇದೇ ಕೊಟ್ಟಿಗೇಲಿ ಹೂತುಬಿಡ್ತೀನಿ," ಅಂದ. ಹೆಂಡತಿ ಮಗುವನ್ನು ಅವುಚಿಕೊಂಡು ಹಿಂದೆ ಕೂತಳು. ಮನೆಯ ಬಾಗಿಲು ತೆರೆದೇ ಇತ್ತು. ಸೊಸೆ ಒಳಗೆ ಹೋಗಿ ಪಾತ್ರೆಯಲ್ಲಿದ್ದ ಹಾಲನ್ನೆಲ್ಲ ಬಚ್ಚಲಿಗೆ ಸುರಿದು, ದೊರೆಸಾನಿಯನ್ನು ಮತ್ತೆ ಬಟ್ಟೆಗೆ ಸುತ್ತಿ, ಬಾಗಿಲು ಎಳೆದುಕೊಂಡು ಬಂದಳು.

ಅತ್ತೆ ಸೊಸೆ ಮನೆಯ ದಾರಿ ಹಿಡಿದರು. ಮನೆ ಹತ್ತಿರ ಬಂದಾಗ ಎದುರಾದ ಹಾಲಿನ ಡಿಪೋದವನು ಸೈಕಲ್ಲು ನಿಲ್ಲಿಸಿದ. ಆಗಲೇ ಸುದ್ದಿ ಫೋನಿನಲ್ಲಿ ಅವರನ್ನು ದಾಟಿ ಬಂದಿತ್ತು. "ಮಗುಗೆ ಏನೂ ಆಗಿಲ್ವಂತೆ, ಒಂದು ಗುಟುಕು ಅಷ್ಟೇ ಹೋಗಿದ್ದು. ಆದ್ರೂ ನಾಳೆವರೆಗೂ ಆಸ್ಪತ್ರೇಲಿ ಇಟ್ಕೊಂಡು ನೋಡ್ತಾರಂತೆ," ಅಂದವನು ಕೋಳಿಯಮ್ಮನ ಮುಖ ನೋಡದೆ ಪೆಡಲು ತುಳಿದ. ಸೋಮವಾರ ತನ್ನ ಅಣ್ಣನ ಕೊಟ್ಟಿಗೆಗೆ ಬರಲು ಹೇಳಿದ್ದವನು ಅವನೇ. ಆ ಮಾತು ಎತ್ತಲಿಲ್ಲ.

ನಾಯಿ ನರಿ ಎಳೆದು ತಿನ್ನಬಾರದೆಂದು ಹಿತ್ತಲಲ್ಲಿ ಸೊಂಟದಾಳ ಗುಂಡಿ ತೋಡಿದರು. ಸೊಸೆ ತೋಡಿದಳು, ಅತ್ತೆ ಮಣ್ಣು ಎಳೆದಳು. ಹದಿನಾಲ್ಕನ್ನು ಇಟ್ಟು ಮೇಲೆ ದೊರೆಸಾನಿಯನ್ನು ಇಟ್ಟರು.

"ಹಾಲು ಸೀದಿತ್ತಲ್ಲ, ಆವತ್ತಿಂದಾನಾ?" ಕೇಳಿದಳು ಸೊಸೆ, ಮಣ್ಣು ತುಳಿಯುತ್ತಾ.

"ಹೂಂ."

"ನನಗೆ ಹೇಳಿದ್ರೆ ನಾನು ಮೂಸ್ತಿದ್ದೆ."

ಅದು ಕೋಳಿಯಮ್ಮನಿಗೆ ಐದು ತಿಂಗಳಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ.

ಬೆಳಕು ಇಳಿಯುತ್ತಿತ್ತು. ಸೊಸೆ ಕಲ್ಲಿನ ಮೇಲೆ ಕೂತು ಸೋಪು ಹಾಕಿ ಕೈ ತೊಳೆದಳು, ಬೂದಿ ಹಾಕಿ ತೊಳೆದಳು, ಮತ್ತೆ ಸೋಪು ಹಾಕಿದಳು. ಅಂಗೈಯನ್ನು ಒಮ್ಮೆ ತಾನೇ ಮೂಸಿಕೊಂಡು ಮುಖ ಕಿವುಚಿದಳು. ಆಮೇಲೆ, ಮದುವೆಯಾಗಿ ಬಂದಾಗಿನಿಂದ ಔಷಧಿ ಹಚ್ಚಿದ ಮನೆಗಳಿಂದ ಬಂದ ದಿನವೆಲ್ಲ ಮಾಡುತ್ತಿದ್ದಂತೆ, ಒದ್ದೆ ಕೈಯನ್ನು ಅತ್ತೆಯ ಮುಖದ ಹತ್ತಿರ ಚಾಚಿ, "ಹೋಯ್ತಾ ನೋಡಿ," ಅಂದಳು.

ಅಂದಮೇಲೆ ನೆನಪಾಯಿತು. ಕೈಯನ್ನು ಹಿಂದಕ್ಕೆ ಎಳೆದುಕೊಂಡು, ಸೋಪಿನ ಚೂರನ್ನು ಹುಡುಕುತ್ತಾ ಆ ಕಡೆ ತಿರುಗಿದಳು.