ಗೇಟಿನೆದುರಿನ ಬೋರ್ಡು

ಶವಪೆಟ್ಟಿಗೆಯ ಮುಚ್ಚಳಕ್ಕೆ ಮೊಳೆ ಹೊಡೆಯುತ್ತಿದ್ದ ಬಡಗಿ ಸುತ್ತಿಗೆ ನಿಲ್ಲಿಸಿದ. ಹೂತೋಟದ ಮ್ಯಾನೇಜರ್ ಬಾಗಿಲಲ್ಲಿ ನಿಂತಿದ್ದರು.

ಸಂತಾಪ ಹೇಳಿದ ಮೇಲೆ ಅವರು ಸತ್ತವಳ ಮಗಳನ್ನು ಪಕ್ಕಕ್ಕೆ ಕರೆದರು. ಮಗಳು ಅವರದೇ ತೋಟದ ಪ್ಯಾಕಿಂಗ್ ಶೆಡ್ಡಿನ ಕೆಲಸಗಾರ್ತಿ. ಮಧ್ಯಾಹ್ನ ಹೂ ಕೊಳ್ಳುವ ಕಂಪನಿಯವರು ತೋಟ ನೋಡಲು ಬರುತ್ತಾರೆ, ಅಷ್ಟರೊಳಗೆ ತೋಟದ ಗೇಟಿನೆದುರಿನ ಅಮ್ಮನ ಟೀ ಅಂಗಡಿಯ ಬೋರ್ಡು ಇಳಿಸಿದರೆ ಒಳ್ಳೆಯದು ಎಂದರು. ಅಮ್ಮನೇ ಇಲ್ಲದ ಮೇಲೆ ಅಂಗಡಿ ಇನ್ನೆಲ್ಲಿ ಎಂದೂ ಸೇರಿಸಿದರು.

"ನಿನ್ನ ಕೆಲಸಕ್ಕೆ ತೊಂದರೆ ಆಗಬಾರದು ನೋಡು."

ಅವರು ಹೋದದ್ದೇ ಚಿಕ್ಕಮ್ಮ, "ಇಳಿಸಿಬಿಡೇ ತಾಯಿ. ನಿಮ್ಮಮ್ಮ ಬೋರ್ಡ್ ನೋಡೋಕೆ ಎದ್ದು ಬರ್ತಾಳಾ?" ಎಂದಳು.

"ಬಂದ್ರೂ ಬಂದಾಳು. ಅವಳನ್ನ ನಂಬೋ ಹಾಗಿಲ್ಲ," ಎಂದ ಬಡಗಿ. ಅತ್ತು ಊದಿಕೊಂಡಿದ್ದ ಮುಖಗಳು ಒಮ್ಮೆ ನಕ್ಕವು.

* * *

ಅಮ್ಮ ಮೊದಲು ಹೂತೋಟದ ಕ್ಯಾಂಟೀನಿನ ಅಡುಗೆಯವಳು. ಔಷಧಿ ಸಿಂಪಡಿಸುವ ಯಂತ್ರಗಳನ್ನು ತೋಟದವರು ತೊರೆಯಲ್ಲೇ ತೊಳೆಯುತ್ತಿದ್ದರು. ಮೊದಲು ಮೀನು ಸತ್ತವು. ಆಮೇಲೆ ಕ್ಯಾಂಟೀನಿನ ಕೊಳವೆಬಾವಿಯ ನೀರೂ ಔಷಧಿ ವಾಸನೆ ಹೊಡೆಯಿತು. ಪರೀಕ್ಷೆ ನಡೆಯಿತು. ಕೀಟನಾಶಕವಿದೆ, ಆದರೆ ಮಿತಿಯೊಳಗಿದೆ ಎಂದು ವರದಿ ಬಂತು. ನೀರಿನ ಮಾದರಿ ತೆಗೆದದ್ದು ಸಿಂಪಡಣೆಯೇ ಇಲ್ಲದ ತಿಂಗಳಲ್ಲಿ ಎಂಬ ಮಾತು ಅದರಲ್ಲಿರಲಿಲ್ಲ.

"ಮಿತಿಯೊಳಗೆ ಅಂದ್ರೆ, ನಿಮ್ಮ ಮಕ್ಕಳಿಗೂ ಇದರಲ್ಲೇ ಬೇಯಿಸಿ ಕಳಿಸ್ಲಾ ಸಾರ್?" ಎಂದು ಅಮ್ಮ ಮ್ಯಾನೇಜರನ್ನು ಕೇಳಿದಳು. ಆ ನೀರಿಟ್ಟು ಒಲೆ ಹಚ್ಚಲು ಒಪ್ಪಲಿಲ್ಲ. ಅವಳನ್ನು ತೆಗೆದುಹಾಕಿದರು. ಅದೇ ವಾರ ಗೇಟಿನೆದುರು, ರಸ್ತೆಯಾಚೆ, ಟೀ ಅಂಗಡಿ ಇಟ್ಟಳು. ತೋಟಕ್ಕಿಂತ ಮೇಲಿನ ಒರತೆಯಿಂದ ಸೈಕಲ್ಲಿನಲ್ಲಿ ನೀರು ತರುತ್ತಿದ್ದಳು. ಬೋರ್ಡಿನಲ್ಲಿ ಬೆಲೆ ಬರೆಸಲಿಲ್ಲ, ಅಂಗಡಿಯ ಹೆಸರೂ ಇಲ್ಲ. 'ಈ ಟೀಗೆ ತೋಟದ ಕೆಳಗಿನ ನೀರು ಹಾಕಿಲ್ಲ' ಎಂದಷ್ಟೇ.

* * *

ಅವಳು ಸತ್ತದ್ದು ಹೃದಯ ನಿಂತು. ಅದಕ್ಕೂ ನೀರಿಗೂ ಸಂಬಂಧವಿದೆ ಎಂದು ವೈದ್ಯರು ಹೇಳಲಿಲ್ಲ, ಮಗಳೂ ಹೇಳಲಿಲ್ಲ. ಗುಂಡಿಗೆ ಮಣ್ಣು ಮುಚ್ಚಿದ ಮೇಲೆ ಮಗಳು ಮನೆಗೆ ಹೋಗದೆ ಅಂಗಡಿಯ ಕಡೆ ತಿರುಗಿದಳು. ಬೋರ್ಡು ಇಳಿಸುವುದಕ್ಕೇ ಇರಬೇಕೆಂದು ಚಿಕ್ಕಮ್ಮ ಕೈಜೋಡಿಸಲು ಹಿಂದೆಯೇ ಬಂದಳು.

ಮಗಳು ಒದ್ದೆ ಬಟ್ಟೆಯಿಂದ ಬೋರ್ಡಿನ ಧೂಳು ಒರೆಸಿದಳು. ಒಲೆ ಹಚ್ಚಿದಳು.

"ಕೆಲಸ ಹೋಗುತ್ತೆ ಕಣೇ."

"ಹೋಗ್ಲಿ ಚಿಕ್ಕಮ್ಮ. ಅಮ್ಮ ತಂದಿಟ್ಟ ನೀರಿದೆ. ಲೋಟ ತೊಳಿ."

ಮಣ್ಣಿಗೆ ಬಂದಿದ್ದ ಶೆಡ್ಡಿನ ಹೆಂಗಸರು ಬೆಂಚುಗಳಲ್ಲಿ ಒತ್ತಿಕೊಂಡು ಕೂತರು, ಜಾಗ ಸಾಲದವರು ರಸ್ತೆಯಂಚಿನಲ್ಲಿ. ಕಂಪನಿಯವರ ಕಾರು ಗೇಟಿನ ಬಳಿ ನಿಧಾನವಾಯಿತು. ಹಿಂದಿನ ಸೀಟಿನ ಗಾಜು ಇಳಿಯಿತು. ತೋಟದೊಳಗೆ ಮಧ್ಯಾಹ್ನದ ಪಾಳಿಗೆ ಕರೆಯುವ ಸೈರನ್ ಕೂಗಿತು.

ಯಾರೂ ಲೋಟ ಕೆಳಗಿಡಲಿಲ್ಲ.