ಮೌಲಾಬಿಯ ಟಂಟಂಗೆ ಯಾವ ಆಯಿಲ್?

ಹೂಲಿ ಊರಿನ ಮೌಲಾಬಿ ಜನ ಸಾಗಿಸುವ ಮೂರು ಗಾಲಿಯ ಟಂಟಂ ಓಡಿಸುತ್ತಾಳೆ. ಗಂಡ ಬುರಾನಸಾಬ ತೀರಿಕೊಂಡ ಮೇಲೆ ಅವನ ಹಳೆಯ ಗಾಡಿ ಮಾರಿ, ಹೊಸದು ತಂದು, ಸವದತ್ತಿ ದಾರಿ ಹಿಡಿದಳು. ಹೋಗುವಾಗ ಗಾಡಿ ತುಂಬ ಜನ, ಮಾತು. ಸಂಜೆ ಬರುವಾಗ ಒಬ್ಬಳೇ. ಮನೆಯಲ್ಲೂ ಮಾತಾಡಿಸುವವರಿಲ್ಲ.

ಚಳಿಗಾಲದ ಒಂದು ಬೆಳಿಗ್ಗೆ ಗಾಡಿ ಶುರುವಾಗಲು ಹಟ ಮಾಡಿತು. ಶುರುವಾದ ಮೇಲೆ ಇಂಜಿನ್ನಿನೊಳಗೆ ಕಟಕಟ ಸದ್ದು. ಅರ್ಧ ದಾರಿಗೆ ನಿಂತೇಬಿಟ್ಟಿತು. ಜನ ಹಿಂದೆ ಬಂದ ಬಸ್ಸು ಹತ್ತಿ ಹೋದರು. ಜೋಳದ ಹೊಲಗಳ ನಡುವೆ ಮೌಲಾಬಿ ಒಬ್ಬಳೇ ಉಳಿದಳು. ಕೊನೆಗೆ ಸವದತ್ತಿಯಲ್ಲಿ ಗ್ಯಾರೇಜ್ ನಡೆಸುವ ದುರ್ಗಾಳಿಗೆ ಫೋನ್ ಮಾಡಿದಳು.

ದುರ್ಗಾ ಬಂದು ಆಯಿಲ್ ನೋಡುವ ಕಡ್ಡಿ ಎಳೆದಳು.

"ಅಕ್ಕಾ, ಇದ ಯಾವ ಆಯಿಲ್‌ರಿ? ಕಾಕಂಬಿಯಂಗ ಗಟ್ಟಿ ಆಗೇತಲ್ಲ!"

"ಬಿಡಿ ಆಯಿಲ್, ಡಬ್ಬಿದಲ್ಲ, ಅಳದು ಕೊಡೂದು. ಮನಿಯವರು ಹಾಕತಿದ್ದದ್ದ. ಆಯಿಲ್ ದಪ್ಪ ಇದ್ದಷ್ಟೂ ಇಂಜಿನ್ ಗಟ್ಟಿ ಅಂತಿದ್ರು."

"ಅವರ ಗಾಡಿ ಹಳೇದು, ಸವದಿತ್ತು. ಅದಕ್ಕ ನಡೀತು. ಇದರ ಒಳಗಿನ ಸಂದಿ ಸಣ್ಣವು. ಚಳ್ಯಾಗ ದಪ್ಪ ಆಯಿಲ್ ಮ್ಯಾಲ ಏರೂದ್ರಾಗ ಕಬ್ಬಣಕ್ಕ ಕಬ್ಬಣ ತಿಕ್ಕತೈತ್ರಿ."

"ಹಂಗಾರ ತೆಳ್ಳಂದು ಹಾಕು."

"ಭಾಳ ತೆಳ್ಳಗಾದ್ರೂ ಕೆಲಸಿಲ್ಲ. ಇಂಜಿನ್ ಕಾದಾಗ ನೀರಾಗಿ, ನಡುವಿನ ಆಯಿಲ್ ಪದರ ಹರೀತೈತಿ. ಡಬ್ಬಿ ಮ್ಯಾಲ ಎರಡು ನಂಬರ್ ಇರ್ತಾವ. ಡಬ್ಲ್ಯೂ ಜೋಡಿ ಇದ್ದದ್ದು ಥಂಡಿಗೆ, ಇನ್ನೊಂದು ಕಾದ ಮ್ಯಾಲಿಂದಕ್ಕ. ಗಾಡಿ ಬುಕ್ಕಿನ್ಯಾಗ ಹೇಳಿದ್ದ ಹಾಕಬೇಕು. ಒಳ್ಳೆ ಆಯಿಲ್‌ದಾಗ ಸವಕಳಿ ತಡಿಯೂ, ಹೊಲಸ ತೊಳಿಯೂ ಔಷಧ ಕೂಡಿಸಿರ್ತಾರ. ಬಿಡಿ ಆಯಿಲ್‌ದಾಗ ಐತೋ ಇಲ್ಲೋ, ಯಾರಿಗೆ ಗೊತ್ತು?"

ಮೌಲಾಬಿ ತಲೆ ತಗ್ಗಿಸಿದಳು. "ಅವರ ಮಾತು ಬಿಟ್ಟಂಗ ಆಗತೈತಿ, ದುರ್ಗಾ. ನನ್ನ ಕಡೆ ಉಳದದ್ದು ಅಷ್ಟ."

ದುರ್ಗಾ ಕಡ್ಡಿ ಒರೆಸಿ ಒಳಗಿಟ್ಟಳು. "ಗಾಡಿ ಬಾಳಿಕಿ ಬರ್ಲಿ ಅಂತ ಅವರು ಹಂಗ ಹೇಳ್ಯಾರ, ಅಕ್ಕಾ. ಈ ಗಾಡಿ ಬಾಳಿಕಿ ಬರೂದು ಬುಕ್ಕಿನ ಆಯಿಲ್‌ದಾಗ. ಅದನ್ನ ಹಾಕಿದ್ರ ಅವರ ಮಾತು ನಡಸಿದಂಗ."

ಬೇರಿಂಗ್ ಸವೆದಿತ್ತು. ಇಂಜಿನ್ ಬಿಚ್ಚಬೇಕಾಯಿತು. ಗಾಡಿ ಗ್ಯಾರೇಜಿನಲ್ಲಿದ್ದಷ್ಟು ದಿನ ಮೌಲಾಬಿಗೆ ಒಲೆ ಹೊತ್ತಿಸಲೂ ಮನಸ್ಸಾಗಲಿಲ್ಲ. ಗಾಡಿ ಇಲ್ಲವೆಂದರೆ ದಿನದ ಆ ನಾಲ್ಕು ಮಾತೂ ಇಲ್ಲ.

ಈಗ ಅವಳು ಪುಸ್ತಕದಲ್ಲಿ ಹೇಳಿದ ಆಯಿಲ್ಲನ್ನೇ ಹಾಕಿಸುತ್ತಾಳೆ. ಚಳಿಯಲ್ಲೂ ಗಾಡಿ ಒಂದೇ ಸಲಕ್ಕೆ ಶುರುವಾಗುತ್ತದೆ.

ಗಾಡಿ ಇರುವ ಅಣ್ಣಂದಿರೇ, ಅಕ್ಕಂದಿರೇ, ಆಯಿಲ್ ಹಾಕಿಸುವ ಮುಂಚೆ ಗಾಡಿಯ ಪುಸ್ತಕ ನೋಡಿ. ಓದಲು ಬಾರದಿದ್ದರೆ ಬಲ್ಲವರನ್ನು ಕೇಳಿ. ಅದರಲ್ಲಿರುವ ನಂಬರಿನ, ಸೀಲ್ ಒಡೆಯದ ಡಬ್ಬಿಯನ್ನೇ ಕೊಳ್ಳಿ. ಪುಸ್ತಕ ಹೇಳಿದಷ್ಟು ಕಿಲೋಮೀಟರ್ ಓಡಿದ ಮೇಲೆ ಆಯಿಲ್ ತಪ್ಪದೆ ಬದಲಿಸಿ. ನಿಮ್ಮ ಓಣಿಯಲ್ಲೂ ಒಬ್ಬರೇ ದುಡಿದು, ಒಬ್ಬರೇ ಉಣ್ಣುವವರು ಇದ್ದಾರು. ಅವರಿಗೂ ಇದನ್ನು ಹೇಳಿ. ಹೇಳುವ ನೆಪದಲ್ಲಾದರೂ ಅವರ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕುಳಿತು ಬನ್ನಿ.